ಭಾರತದಲ್ಲಿ ಲೈಂಗಿಕ ವೃತ್ತಿಯ ಕಾನೂನು ಮಾನ್ಯತೆ ಕುರಿತ ಚರ್ಚೆ

ಲೈಂಗಿಕ ವೃತ್ತಿಯ ಕಾನೂನು ಮಾನ್ಯತೆ ಕುರಿತ ಚರ್ಚೆಯು, ವಯಸ್ಕರು ಸ್ವಂತ ಒಪ್ಪಿಗೆಯಿಂದ ಹಣಕ್ಕಾಗಿ ನಡೆಸುವ ಲೈಂಗಿಕ ವ್ಯವಹಾರವನ್ನು ಪ್ರಭುತ್ವವು ನಿಷೇಧಿಸಬೇಕೇ, ನಿಯಂತ್ರಿಸಬೇಕೇ ಅಥವಾ ಅಪರಾಧದ ವ್ಯಾಪ್ತಿಯಿಂದ ಹೊರಗಿಡಬೇಕೇ ಎಂಬ ಪ್ರಶ್ನೆಗೆ ಸಂಬಂಧಿಸಿದೆ. ಭಾರತದಲ್ಲಿ ಈ ವೃತ್ತಿಯು ಸ್ವತಃ ಅಪರಾಧವಲ್ಲ. ಆದರೆ ಅದಕ್ಕೆ ಹೊಂದಿಕೊಂಡ ಬಹುತೇಕ ಚಟುವಟಿಕೆಗಳು ದಂಡನಾರ್ಹವಾಗಿವೆ.

ಕಾನೂನಿನ ಸ್ಥಿತಿ

ಮಾನವ ಸಾಗಾಣಿಕೆ ತಡೆಯುವ ವಿಶ್ವಸಂಸ್ಥೆಯ ಒಪ್ಪಂದಕ್ಕೆ ಭಾರತವು 1950ರಲ್ಲಿ ಸಹಿ ಹಾಕಿತು. ಅದಕ್ಕೆ ಅನುಗುಣವಾಗಿ 1956ರಲ್ಲಿ ರೂಪುಗೊಂಡ ಕಾಯ್ದೆಯು 1986ರ ತಿದ್ದುಪಡಿಯ ಬಳಿಕ ಅನೈತಿಕ ವ್ಯವಹಾರ (ತಡೆ) ಕಾಯ್ದೆ ಎಂದು ಕರೆಯಲ್ಪಟ್ಟಿತು. ವೇಶ್ಯಾಗೃಹ ನಡೆಸುವುದು (3ನೇ ಕಲಂ), ಲೈಂಗಿಕ ವೃತ್ತಿಯ ಗಳಿಕೆಯಲ್ಲಿ ಬದುಕುವುದು (4ನೇ ಕಲಂ), ಇತರರನ್ನು ವೃತ್ತಿಗೆ ಎಳೆಯುವುದು (5ನೇ ಕಲಂ) ಹಾಗೂ ಸಾರ್ವಜನಿಕವಾಗಿ ಗ್ರಾಹಕರನ್ನು ಕರೆಯುವುದು (8ನೇ ಕಲಂ) ಅಪರಾಧಗಳಾಗಿವೆ. ದೇವಾಲಯ, ಶಾಲೆ, ಆಸ್ಪತ್ರೆಗಳಂತಹ ಸ್ಥಳಗಳಿಂದ 200 ಮೀಟರ್ ಒಳಗೆ ವೃತ್ತಿ ನಡೆಸುವುದನ್ನು 7ನೇ ಕಲಂ ನಿಷೇಧಿಸುತ್ತದೆ.

ಈ ಕಲಂಗಳ ಉದ್ದೇಶ ಮಧ್ಯವರ್ತಿಗಳನ್ನು ಶಿಕ್ಷಿಸುವುದು. ಆದರೂ ಅವುಗಳ ಪರಿಣಾಮ ಮಹಿಳೆಯರ ಮೇಲೂ ಆಗುತ್ತದೆ. ಇಬ್ಬರು ಮಹಿಳೆಯರು ಪರಸ್ಪರ ಲಾಭಕ್ಕಾಗಿ ಒಂದೇ ಮನೆಯಲ್ಲಿ ವೃತ್ತಿ ನಡೆಸಿದರೆ, ಕಾಯ್ದೆಯ ವ್ಯಾಖ್ಯಾನದಂತೆ ಆ ಮನೆಯೂ ವೇಶ್ಯಾಗೃಹವಾಗಬಲ್ಲದು. ತಾಯಿಯ ಗಳಿಕೆಯನ್ನು ಅವಲಂಬಿಸಿದ 18 ವರ್ಷ ಮೀರಿದ ಮಗ ಅಥವಾ ಮಗಳೂ 4ನೇ ಕಲಮಿನ ವ್ಯಾಪ್ತಿಗೆ ಬರಬಹುದು. ಸುರಕ್ಷತೆಗಾಗಿ ಜೊತೆಗೂಡಿ ಇರುವುದೇ ಮೊಕದ್ದಮೆಗೆ ಕಾರಣವಾಗುತ್ತದೆ ಎಂಬುದು ಲೈಂಗಿಕ ಕಾರ್ಯಕರ್ತೆಯರ ಸಂಘಟನೆಗಳ ಪ್ರಮುಖ ಆಕ್ಷೇಪ.

ನ್ಯಾಯಾಲಯಗಳ ನಿಲುವು

1999ರಲ್ಲಿ ಕೋಲ್ಕತ್ತದಲ್ಲಿ ನಡೆದ ಲೈಂಗಿಕ ಕಾರ್ಯಕರ್ತೆಯೊಬ್ಬರ ಕೊಲೆಗೆ ಸಂಬಂಧಿಸಿದ ಬುದ್ಧದೇವ್ ಕರ್ಮಾಸ್ಕರ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2011ರಲ್ಲಿ ಆರೋಪಿಯ ಮೇಲ್ಮನವಿಯನ್ನು ವಜಾಗೊಳಿಸಿತು. ಬಳಿಕ ಅದೇ ಪ್ರಕರಣವನ್ನು ಸಾರ್ವಜನಿಕ ಹಿತಾಸಕ್ತಿ ವಿಷಯವಾಗಿ ಮುಂದುವರಿಸಿ ಸಮಿತಿಯೊಂದನ್ನು ನೇಮಿಸಿತು. 2022ರ ಮೇ 19ರಂದು ಸಂವಿಧಾನದ 142ನೇ ವಿಧಿಯಡಿ ಹೊರಡಿಸಿದ ಆದೇಶದಲ್ಲಿ, ಲೈಂಗಿಕ ಕಾರ್ಯಕರ್ತೆಯರನ್ನು ಪೊಲೀಸರು ಘನತೆಯಿಂದ ಕಾಣಬೇಕು, ದಾಳಿಯ ವೇಳೆ ಅವರ ಗುರುತನ್ನು ಮಾಧ್ಯಮಗಳು ಬಹಿರಂಗಪಡಿಸಬಾರದು, ಕಾಂಡೋಮ್ ಬಳಕೆಯನ್ನು ಅಪರಾಧದ ಸಾಕ್ಷ್ಯವೆಂದು ಪರಿಗಣಿಸಬಾರದು ಎಂದು ನಿರ್ದೇಶಿಸಿತು. ಸಮಿತಿಯ ಕೆಲವು ಶಿಫಾರಸುಗಳಿಗೆ ಕೇಂದ್ರ ಸರ್ಕಾರ ಆಕ್ಷೇಪ ವ್ಯಕ್ತಪಡಿಸಿದ್ದರಿಂದ ಅವು ಈ ನಿರ್ದೇಶನಗಳಲ್ಲಿ ಸೇರಲಿಲ್ಲ. ಆದೇಶವು 1956ರ ಕಾಯ್ದೆಯನ್ನು ಬದಲಿಸಲಿಲ್ಲ.

ಗ್ರಾಹಕನ ಹೊಣೆಯ ಬಗ್ಗೆಯೂ ಏಕಾಭಿಪ್ರಾಯವಿಲ್ಲ. ಗ್ರಾಹಕನನ್ನು 5ನೇ ಕಲಮಿನಡಿ ವಿಚಾರಣೆಗೆ ಗುರಿಪಡಿಸಲಾಗದೆಂದು ಕರ್ನಾಟಕ ಹೈಕೋರ್ಟ್ ಹಲವು ಪ್ರಕರಣಗಳನ್ನು ರದ್ದುಪಡಿಸಿದೆ. 2025ರಲ್ಲಿ ಕೇರಳ ಹೈಕೋರ್ಟ್ ಇದಕ್ಕೆ ಭಿನ್ನವಾದ ತೀರ್ಪು ನೀಡಿತು.

ವಿದೇಶಗಳ ಮಾದರಿಗಳು

ಚರ್ಚೆಯಲ್ಲಿ ಮುಖ್ಯವಾಗಿ ಮೂರು ಮಾದರಿಗಳು ಉಲ್ಲೇಖಗೊಳ್ಳುತ್ತವೆ.

ಪರವಾನಗಿ ಮಾದರಿ: ನೆದರ್ಲೆಂಡ್ಸ್ 2000ದಲ್ಲಿ ವೇಶ್ಯಾಗೃಹಗಳ ಮೇಲಿನ ನಿಷೇಧವನ್ನು ತೆರವುಗೊಳಿಸಿತು. ಜರ್ಮನಿ 2002ರಲ್ಲಿ ಈ ವೃತ್ತಿಯ ಕರಾರುಗಳಿಗೆ ಮಾನ್ಯತೆ ನೀಡಿ, 2017ರಲ್ಲಿ ನೋಂದಣಿಯನ್ನು ಕಡ್ಡಾಯಗೊಳಿಸಿತು. ನೋಂದಣಿಗೆ ಹಿಂಜರಿಯುವ ಬಡವರು ಮತ್ತು ವಲಸಿಗರು ಇಲ್ಲಿ ಕಾನೂನಿನ ಹೊರಗೆ ಉಳಿಯುತ್ತಾರೆ ಎಂಬ ಟೀಕೆಯಿದೆ.

ಗ್ರಾಹಕನನ್ನು ಶಿಕ್ಷಿಸುವ ಮಾದರಿ: 1999ರಲ್ಲಿ ಸ್ವೀಡನ್ ಆರಂಭಿಸಿದ ಈ ಕ್ರಮವನ್ನು ನಾರ್ವೆ, ಐಸ್‌ಲ್ಯಾಂಡ್, ಫ್ರಾನ್ಸ್ ಮುಂತಾದ ದೇಶಗಳು ಅನುಸರಿಸಿದವು. ಮಾರುವವರಿಗೆ ಶಿಕ್ಷೆಯಿಲ್ಲ, ಕೊಳ್ಳುವವರಿಗೆ ಇದೆ.

ಅಪರಾಧಮುಕ್ತ ಮಾದರಿ: ನ್ಯೂಜಿಲೆಂಡ್ 2003ರಲ್ಲಿ ಒಂದೇ ಮತದ ಅಂತರದಿಂದ ಈ ಕಾನೂನನ್ನು ಅಂಗೀಕರಿಸಿತು. ಅಲ್ಲಿ ನಾಲ್ವರವರೆಗೆ ಒಟ್ಟಾಗಿ ಸ್ವತಂತ್ರವಾಗಿ ವೃತ್ತಿ ನಡೆಸಲು ಪರವಾನಗಿ ಬೇಕಿಲ್ಲ. ಆದರೆ ತಾತ್ಕಾಲಿಕ ವೀಸಾ ಹೊಂದಿದ ವಿದೇಶಿಯರಿಗೆ ಈ ವೃತ್ತಿಯನ್ನು ನಿಷೇಧಿಸಲಾಗಿದೆ.

ಪರವಾದ ವಾದಗಳು

ಕೋಲ್ಕತ್ತದ ಸೋನಾಗಾಚಿಯ ದುರ್ಬಾರ್ ಮಹಿಳಾ ಸಮನ್ವಯ ಸಮಿತಿಯಂತಹ ಸಂಘಟನೆಗಳು ಪರವಾನಗಿಗಿಂತ ಅಪರಾಧಮುಕ್ತಿಗೆ ಒತ್ತು ನೀಡುತ್ತವೆ. ಬಂಧನದ ಭಯವಿದ್ದರೆ ಹಲ್ಲೆಗೊಳಗಾದವರು ಪೊಲೀಸ್ ಠಾಣೆಗೆ ಹೋಗುವುದಿಲ್ಲ ಎಂಬುದು ಅವುಗಳ ವಾದ. ಆರೋಗ್ಯದ ದೃಷ್ಟಿಯಿಂದಲೂ ಇದಕ್ಕೆ ಬೆಂಬಲವಿದೆ. ಕೆನಡಾದ ವ್ಯಾಂಕೂವರ್, ಕೀನ್ಯಾದ ಮೊಂಬಾಸಾ ಮತ್ತು ಕರ್ನಾಟಕದ ಬಳ್ಳಾರಿಯ ಪರಿಸ್ಥಿತಿಯನ್ನು ಆಧರಿಸಿ 2014ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವು, ಅಪರಾಧಮುಕ್ತಿಯಿಂದ ಹತ್ತು ವರ್ಷಗಳಲ್ಲಿ ಶೇ. 33ರಿಂದ 46ರಷ್ಟು ಎಚ್‌ಐವಿ ಸೋಂಕನ್ನು ತಡೆಯಬಹುದೆಂದು ಅಂದಾಜಿಸಿತು. ಮೈಸೂರಿನ ಆಶೋದಯ ಸಮಿತಿಯು ಲೈಂಗಿಕ ಕಾರ್ಯಕರ್ತರೇ ನಡೆಸುವ ಎಚ್‌ಐವಿ ತಡೆ ಕಾರ್ಯಕ್ಕೆ ಉದಾಹರಣೆಯಾಗಿದೆ.

ವಿರೋಧಿ ವಾದಗಳು

ಹೈದರಾಬಾದಿನ ಪ್ರಜ್ವಲಾ, ದೆಹಲಿ ಮತ್ತು ಬಿಹಾರದಲ್ಲಿ ಕಾರ್ಯನಿರತವಾಗಿರುವ ಅಪ್ನೆ ಆಪ್ ಮುಂತಾದ ಸಂಸ್ಥೆಗಳು ಕಾನೂನು ಮಾನ್ಯತೆಯನ್ನು ವಿರೋಧಿಸುತ್ತವೆ. ಬಡತನ, ಜಾತಿ ಮತ್ತು ಬಾಲ್ಯದಲ್ಲೇ ನಡೆಯುವ ಸಾಗಾಣಿಕೆಯ ನಡುವೆ ಮುಕ್ತ ಆಯ್ಕೆ ಎಂಬುದಕ್ಕೆ ಅರ್ಥವಿಲ್ಲವೆಂದು ಈ ಪಕ್ಷವು ವಾದಿಸುತ್ತದೆ. ದಲಿತ ಕುಟುಂಬಗಳ ಬಾಲಕಿಯರನ್ನು ದೇವರ ಹೆಸರಿನಲ್ಲಿ ಅರ್ಪಿಸುತ್ತಿದ್ದ ಉತ್ತರ ಕರ್ನಾಟಕದ ದೇವದಾಸಿ ಪದ್ಧತಿ ಈ ವಾದಕ್ಕೆ ಪುಷ್ಟಿ ನೀಡುತ್ತದೆ. ಕರ್ನಾಟಕವು 1982ರ ಕಾಯ್ದೆಯಿಂದ ಅದನ್ನು ನಿಷೇಧಿಸಿತು. ವೃತ್ತಿಗೆ ಮಾನ್ಯತೆಯಿರುವ ದೇಶಗಳಿಗೆ ಮಾನವ ಸಾಗಾಣಿಕೆಯ ಒಳಹರಿವು ಹೆಚ್ಚೆಂದು 2013ರ ಅಂತರರಾಷ್ಟ್ರೀಯ ಅಧ್ಯಯನವೊಂದು ಕಂಡುಕೊಂಡಿತು. ಗುಪ್ತವಾಗಿ ನಡೆಯುವ ಅಪರಾಧದ ಅಂಕಿಅಂಶಗಳು ಎಷ್ಟು ವಿಶ್ವಾಸಾರ್ಹ ಎಂಬ ಪ್ರಶ್ನೆ ಈ ಅಧ್ಯಯನಕ್ಕೂ ಅನ್ವಯಿಸುತ್ತದೆ.

ವಿಶ್ಲೇಷಣೆ

ಬಲವಂತ ಮತ್ತು ಬಾಲಕಿಯರ ಶೋಷಣೆ ಶಿಕ್ಷಾರ್ಹವಾಗಿರಬೇಕು ಎಂಬುದರಲ್ಲಿ ಎರಡೂ ಪಕ್ಷಗಳಿಗೆ ಭಿನ್ನಾಭಿಪ್ರಾಯವಿಲ್ಲ. ಭಾರತೀಯ ನ್ಯಾಯ ಸಂಹಿತೆಯ 143ನೇ ಕಲಂ ಮಾನವ ಸಾಗಾಣಿಕೆಯನ್ನು ಪ್ರತ್ಯೇಕ ಅಪರಾಧವೆಂದು ಗುರುತಿಸುತ್ತದೆ. ಮಾರುವ ಮಹಿಳೆಯನ್ನು ಶಿಕ್ಷಿಸಬಾರದು ಎಂಬುದನ್ನು ಗ್ರಾಹಕನ ಶಿಕ್ಷೆಯನ್ನು ಬಯಸುವವರೂ ಒಪ್ಪುತ್ತಾರೆ. ಉಳಿಯುವ ವಿವಾದವೆಂದರೆ ಗ್ರಾಹಕ, ಮನೆ ಮತ್ತು ಗಳಿಕೆಯನ್ನು ಕಾನೂನು ಹೇಗೆ ಕಾಣಬೇಕು ಎಂಬುದು. ಸಾರ್ವಜನಿಕವಾಗಿ ಕರೆಯುವುದನ್ನು ಅಪರಾಧವಾಗಿಸಿದ 8ನೇ ಕಲಂ ಉಳಿದಿರುವವರೆಗೆ, ಎರಡೂ ಪಕ್ಷಗಳು ರಕ್ಷಿಸಬಯಸುವ ಮಹಿಳೆಯೇ ಆರೋಪಿಯ ಸ್ಥಾನದಲ್ಲಿ ನಿಲ್ಲುವ ಸಾಧ್ಯತೆಯೂ ಉಳಿಯುತ್ತದೆ.