ನೀರಿನ ಅಳತೆ, ನೀರಿನ ತೂಕ

ಅಡುಗೆಯ ಪುಸ್ತಕಗಳು ನೀರನ್ನು ಒಂದೆಡೆ ಲೋಟದ ಲೆಕ್ಕದಲ್ಲಿಯೂ ಮತ್ತೊಂದೆಡೆ ಗ್ರಾಂ ಲೆಕ್ಕದಲ್ಲಿಯೂ ಹೇಳುತ್ತವೆ. ನೀರನ್ನೂ ತೂಗುವುದುಂಟೆ ಎಂದು ತಾಯಂದಿರು ಕೇಳುವುದು ಸಹಜ. ತೂಗುವುದುಂಟು, ಆದರೆ ತಕ್ಕಡಿಯಿಲ್ಲದೆಯೂ ತೂಕವನ್ನು ತಿಳಿಯಬಹುದಾದ ಪದಾರ್ಥ ಅಡುಗೆಮನೆಯಲ್ಲಿ ಅದೊಂದೇ.

ಒಂದು ಲೀಟರ್ ನೀರು ಒಂದು ಕಿಲೋ ತೂಗುತ್ತದೆ. ಇದು ಆಕಸ್ಮಿಕವಲ್ಲ. 1795ರಲ್ಲಿ ಫ್ರಾನ್ಸ್ ದೇಶದವರು ಹೊಸ ಮಾನಗಳನ್ನು ಗೊತ್ತುಪಡಿಸಿದಾಗ, ಉದ್ದ ಅಗಲ ಎತ್ತರಗಳು ಒಂದೊಂದು ಸೆಂಟಿಮೀಟರ್ ಇರುವಷ್ಟು ಜಾಗದಲ್ಲಿ ಹಿಡಿಯುವ ನೀರಿನ ತೂಕವನ್ನೇ ಗ್ರಾಂ ಎಂದು ಕರೆದರು. ಆ ಜಾಗವೇ ಒಂದು ಮಿಲಿಲೀಟರ್. ನಮ್ಮಲ್ಲಿ ಈ ಪದ್ಧತಿಗೆ ದಾರಿಯಾದದ್ದು 1956ರ ಕಾಯಿದೆಯಿಂದ. ಅದಕ್ಕೆ ಮೊದಲು ಸೇರು ಎಂಬ ಒಂದೇ ಹೆಸರು ತೂಕಕ್ಕೂ ಅಳತೆಗೂ ಸಲ್ಲುತ್ತಿತ್ತು. 80 ತೊಲೆಯ ಸೇರು ಈಗಿನ 933 ಗ್ರಾಂ. ಅಳೆಯುವ ಸೇರಾದರೋ ಸೀಮೆಗೊಂದು ಬಗೆ. ಆ ತೊಡಕಿನಲ್ಲಿಯೂ ನಮ್ಮ ಹಿರಿಯರು ಹದಗೆಡದಂತೆ ಅಡುಗೆ ಮಾಡಿದರೆಂಬುದನ್ನು ನಾವು ಮೆಚ್ಚಲೇಬೇಕು.

ನೀರು ಕಾದಂತೆ ಹಿಗ್ಗುವುದರಿಂದ, 30 ಡಿಗ್ರಿಯ ಒಂದು ಲೀಟರ್ ನೀರು 996 ಗ್ರಾಂ, ಕುದಿಯುವ ನೀರು ಸುಮಾರು 958 ಗ್ರಾಂ ತೂಗುತ್ತದೆ. ಮನೆಯ ಅಡುಗೆಯಲ್ಲಿ ಈ ಅಂತರವನ್ನು ಎಣಿಸಬೇಕಾಗಿಲ್ಲ.

ಇದರಿಂದ ಆಗುವ ಪ್ರಯೋಜನವನ್ನು ನೋಡೋಣ. ಮನೆಯ ಲೋಟ, ಸೌಟು, ತಪ್ಪಲೆಗಳು ಎಷ್ಟು ಹಿಡಿಯುತ್ತವೆಂದು ಅವುಗಳ ಮೇಲೆ ಬರೆದಿರುವುದಿಲ್ಲ. ಬರಿಯ ಪಾತ್ರೆಯನ್ನು ತೂಗಿ, ತಣ್ಣೀರು ತುಂಬಿ ಮತ್ತೆ ತೂಗಿದರೆ ಹೆಚ್ಚಾದ ಗ್ರಾಮುಗಳೇ ಆ ಪಾತ್ರೆಯ ಮಿಲಿಲೀಟರುಗಳು. ಒಮ್ಮೆ ತೂಗಿ ಬರೆದಿಟ್ಟುಕೊಂಡರೆ ಆ ಪಾತ್ರೆ ಇರುವವರೆಗೂ ಸಾಕು.

ಆದರೆ ನೀರಿಗೆ ಸಲ್ಲುವ ಈ ಲೆಕ್ಕ ಉಳಿದುದಕ್ಕೆ ಸಲ್ಲದು. 200 ಮಿಲಿಲೀಟರಿನ ಲೋಟದಲ್ಲಿ ನೀರು 200 ಗ್ರಾಂ. ಹಾಲು ಸುಮಾರು 206, ಅಡುಗೆಯ ಎಣ್ಣೆ 184, ಗೋಧಿ ಹಿಟ್ಟಾದರೆ ಒತ್ತಿ ತುಂಬದಿದ್ದಲ್ಲಿ 120ರ ಆಸುಪಾಸು. ಮದುವೆ, ಜಾತ್ರೆ, ದಾಸೋಹಗಳಲ್ಲಿ ಅಡುಗೆ ಕೆಡುವುದು ಇಲ್ಲಿಯೇ. ಮನೆಯಲ್ಲಿ ಒಂದು ಪಾವು ಅಕ್ಕಿಗೆ ಎರಡು ಪಾವು ನೀರೆಂಬುದು ಅಳತೆಯ ಮಾತು. ಅದನ್ನೇ ತೂಕವೆಂದು ತಿಳಿದು 50 ಕಿಲೋ ಅಕ್ಕಿಗೆ 100 ಲೀಟರ್ ನೀರಿಡುವವರನ್ನು ನಾವು ಕಂಡಿದ್ದೇವೆ. ಒಂದು ಲೀಟರ್ ಅಳತೆಯ ಅಕ್ಕಿ ಸುಮಾರು 830 ಗ್ರಾಂ ಮಾತ್ರ ತೂಗುವುದರಿಂದ 50 ಕಿಲೋ ಅಕ್ಕಿಯು ಅಳತೆಯಲ್ಲಿ 60 ಲೀಟರ್ ಆಗುತ್ತದೆ. ಅದರ ಇಮ್ಮಡಿ 120 ಲೀಟರ್. ಕೊರತೆಯಾದ 20 ಲೀಟರ್ ನೀರು ಪಂಕ್ತಿಯಲ್ಲಿ ಕುಳಿತವರ ಎಲೆಯ ಮೇಲೆ ನುಚ್ಚಿನಂತಹ ಅನ್ನವಾಗಿ ಕಾಣಿಸಿಕೊಳ್ಳುತ್ತದೆ.

ಹಾಗೆಂದು 120 ಲೀಟರನ್ನೂ ಒಮ್ಮೆಗೇ ಸುರಿಯತಕ್ಕದ್ದಲ್ಲ. ದೊಡ್ಡ ಕೊಪ್ಪರಿಗೆಯಲ್ಲಿ ಮುಚ್ಚಳವಿಟ್ಟು ಬೇಯಿಸುವಾಗ, ಚಿಕ್ಕ ಪಾತ್ರೆಯಲ್ಲಿ ಆವಿಯಾಗಿ ಹೋಗುವಷ್ಟು ಪಾಲು ನೀರು ಹೋಗುವುದಿಲ್ಲ. ಹೊಸ ಅಕ್ಕಿ ಕಡಿಮೆ ನೀರನ್ನು ಬೇಡುತ್ತದೆ, ಹಳೆಯ ಅಕ್ಕಿ ಹೆಚ್ಚು. ಆದಕಾರಣ ಮೊದಲು 105 ಲೀಟರ್ ಇಟ್ಟು, ಉಳಿದ 15 ಲೀಟರನ್ನು ಪಕ್ಕದ ಒಲೆಯ ಮೇಲೆ ಕುದಿಯುತ್ತಿರುವಂತೆ ಸಿದ್ಧವಾಗಿರಿಸಿಕೊಂಡು, ಅಗುಳನ್ನು ಹಿಚುಕಿ ನೋಡಿ ಬೇಕಾದಷ್ಟನ್ನೇ ಸೇರಿಸತಕ್ಕದ್ದು. ತಣ್ಣೀರು ಸೇರಿಸಿದರೆ ಕುದಿ ನಿಂತು ಮೇಲಿನ ಅನ್ನ ಬೇಯುವ ಮೊದಲೇ ತಳದ ಅನ್ನ ಮುದ್ದೆಯಾಗುತ್ತದೆ.