ಉಪ್ಪುಕಂಡಕ್ಕೂ ಒಂದು ಅಳತೆ, ಒಂದು ಹೆಸರು ಬೇಕು

ಯುಗಾದಿಯ ಮಾರನೆಯ ದಿನ ನಮ್ಮ ಕಡೆ ಹೊಸತೊಡಕು. ಊರೂರಲ್ಲೂ ಗುಡ್ಡೆ ಬಾಡು ಹಾಕುತ್ತಾರೆ. ಮೊದಲೆಲ್ಲ ಮಿಕ್ಕ ಬಾಡು ಉಪ್ಪುಕಂಡ ಆಗುತ್ತಿತ್ತು. ಈಗ ಫ್ರಿಜ್ಜಿಗೆ ಹೋಗುತ್ತೆ, ಎರಡು ದಿನ ಕರೆಂಟು ಹೋದರೆ ತಿಪ್ಪೆಗೆ. ಉಪ್ಪುಕಂಡ ಅಂದರೆ ಇಲ್ಲದವರ ಊಟ ಅನ್ನೋ ಮಾತು ಬೇರೆ ಬಂದಿದೆ. ಆ ಮಾತನ್ನು ನಾನು ಒಪ್ಪೋದಿಲ್ಲ.

ಶ್ರೀರಂಗಪಟ್ಟಣ, ಪಾಂಡವಪುರದ ಕಡೆ ನಾಲೆ ನೀರು, ಭತ್ತ, ಕಬ್ಬು. ನಾಗಮಂಗಲದಲ್ಲಿ, ಕೆ.ಆರ್.ಪೇಟೆಯ ನಾಲೆ ಮುಟ್ಟದ ಊರುಗಳಲ್ಲಿ ಮಳೆ ನಂಬಿದ ರಾಗಿ, ಹುರುಳಿ, ಜೊತೆಗೆ ನಾಲ್ಕು ಕುರಿ. ಮಳೆ ಕೈಕೊಟ್ಟ ವರ್ಷ ಆ ಕುರಿಯೇ ನಮ್ಮ ಬ್ಯಾಂಕು. ಆದರೆ ನಾವು ಮಾರೋದು ಜೀವಂತ ಕುರಿ, ಅದೂ ಕೈಯಳತೆ, ಕಣ್ಣಳತೆಯಲ್ಲಿ. ಮೇವು ಒಣಗಿದಾಗ ಎಲ್ಲರೂ ಒಟ್ಟಿಗೆ ಸಂತೆಗೆ ಹೊಡೆದುಕೊಂಡು ಹೋಗುತ್ತೇವೆ, ರೇಟು ಬೀಳುತ್ತೆ. ಕುರಿ ಬಾಡಾದ ಮೇಲಿನ ಲಾಭವೆಲ್ಲ ಬೇರೆಯವರದ್ದು.

ಏಳನೇ ಕ್ಲಾಸು ಓದಿದ ನನಗೆ ಪೋಲೆಂಡ್ ದೇಶದ ವಿಷಯ ಓದಿ ಹೇಳಿದ್ದು ಮಗಳು. ಅಲ್ಲಿಯ ರೈತರು ಹಂದಿ ಮಾಂಸ ಕೊಚ್ಚಿ, ಉಪ್ಪು, ಮೆಣಸು, ಬೆಳ್ಳುಳ್ಳಿ ಸೇರಿಸಿ, ತೊಳೆದ ಕರುಳಿಗೆ ತುಂಬಿ ಸಾಸೇಜು ಮಾಡುತ್ತಾರೆ. ಅದರಲ್ಲಿ ಹಲವು ಜಾತಿ. 'ಬ್ಯಾವಾ' ಎಂಬ ಬಿಳಿಯದ್ದಕ್ಕೆ ಹೊಗೆ ಇಲ್ಲ, ಬೇಯಿಸಿ ಬೇಗ ತಿನ್ನಬೇಕು. 'ಕಶಾಂಕಾ' ರಕ್ತ ಮತ್ತು ಧಾನ್ಯ ತುಂಬಿದ್ದು. 'ಕಬಾನೊಸ್' ಬೆರಳು ಗಾತ್ರದ್ದು, ಕುರಿಯ ಸಣ್ಣ ಕರುಳಿಗೆ ತುಂಬಿ, ಹೊಗೆ ಕೊಟ್ಟು, ಒಣಗಿಸಿದ್ದು. 100 ಗ್ರಾಂ ಕಬಾನೊಸ್‌ಗೆ ಕನಿಷ್ಠ 150 ಗ್ರಾಂ ಹಸಿ ಮಾಂಸ ಬೇಕು. ನೀರು ಹೋದಷ್ಟೂ ಬಾಳಿಕೆ ಜಾಸ್ತಿ. ಈ ಕಬಾನೊಸ್ ತಯಾರಿಯ ಕ್ರಮವನ್ನು ಯುರೋಪಿನ ಒಕ್ಕೂಟ 2011ರಲ್ಲಿ ನೋಂದಾಯಿಸಿತು. ಕ್ರಾಕೋವ್ ನಗರದ ಹತ್ತಿರ ಎರಡೇ ಪಂಚಾಯ್ತಿಯವರು ಮಾಡುವ 'ಲಿಶೆತ್ಸ್ಕಾ' ಸಾಸೇಜಿಗೆ 2010ರಲ್ಲೇ ಊರಿನ ಹೆಸರಿನ ರಕ್ಷಣೆ ಸಿಕ್ಕಿದೆ.

ನಮ್ಮ ಅಜ್ಜಿಯರ ವಿದ್ಯೆಯೂ ಇದೇ ಅಲ್ಲವೇ? ಹಸಿ ಬಾಡಿನಲ್ಲಿ ಮುಕ್ಕಾಲು ಪಾಲು ನೀರು. ಉಪ್ಪು ಆ ನೀರನ್ನು ಎಳೆಯುತ್ತೆ, ಬಿಸಿಲು ಆರಿಸುತ್ತೆ, ಒಲೆ ಹೊಗೆ ಕಾಯುತ್ತೆ. ನಮ್ಮ ಮನೆಯ ಕ್ರಮ ಹೀಗೆ: ಕೊಬ್ಬು ತೆಗೆದು, ಬಾಡನ್ನು ಕಿರುಬೆರಳಿಗಿಂತ ತೆಳ್ಳಗೆ ಉದ್ದಕ್ಕೆ ಸೀಳಬೇಕು. ಕಿಲೋಗೆ ಒಂದು ಹಿಡಿ ಕಲ್ಲುಪ್ಪಿನ ಪುಡಿ, ಒಂದು ಚಮಚ ಅರಿಶಿನ ಸವರಿ, ದಾರಕ್ಕೆ ಪೋಣಿಸಿ, ನೊಣ ಕೂರದಂತೆ ತೆಳು ಬಟ್ಟೆ ಕಟ್ಟಿ ಬಿರುಬಿಸಿಲಿಗೆ ಹಾಕಬೇಕು. ರಾತ್ರಿ ಒಲೆ ಮೇಲೆ ನೇತುಹಾಕಬೇಕು. ನಾಲ್ಕೈದು ದಿನಕ್ಕೆ ಬಗ್ಗಿಸಿದರೆ ಮುರಿಯುವಂತಾಗುತ್ತೆ. ಮೋಡದ ದಿನ ಈ ಕೆಲಸ ಬೇಡ. ಒಣಗಿದ ಡಬ್ಬಿಯಲ್ಲಿಟ್ಟು ಆಗಾಗ ಬಿಸಿಲು ತೋರಿಸಿ. ಬೂಸ್ಟು, ವಾಸನೆ ಕಂಡರೆ ಎಸೆಯಿರಿ. ಸಾರಿಗೆ ಹಾಕುವ ಮೊದಲು ನೆನೆಸಿ, ತೊಳೆದು, ಚೆನ್ನಾಗಿ ಬೇಯಿಸಿ.

ಹಾಗಂತ ನಾಳೆಯೇ ಕರುಳಿಗೆ ಬಾಡು ತುಂಬಲು ಹೋಗಬೇಡಿ. ಗಾಳಿಯಾಡದ ಕಡೆ ಬೆಳೆಯುವ ಒಂದು ಅಣುಜೀವಿಯ ವಿಷ ಮನುಷ್ಯನನ್ನು ಕೊಲ್ಲಬಲ್ಲದು. ಆ ಕಾಯಿಲೆಗೆ 'ಬೊಟುಲಿಸಂ' ಎಂದು ಹೆಸರು ಬಂದಿದ್ದೇ ಸಾಸೇಜಿನ ಲ್ಯಾಟಿನ್ ಪದದಿಂದ. ಅದಕ್ಕೇ ಅಲ್ಲಿ ನೈಟ್ರೈಟ್ ಬೆರೆಸಿದ ಉಪ್ಪನ್ನು ತೂಕ ಮಾಡಿ ಹಾಕುತ್ತಾರೆ. ಅದು ಹೆಚ್ಚಾದರೂ ವಿಷವೇ. ಕೈ ಅಂದಾಜಿಗೆ ಆಗುವ ಕೆಲಸ ಅದಲ್ಲ. ತೆಳ್ಳಗೆ ಸೀಳಿ, ಗಾಳಿ ಬಿಸಿಲಿಗೆ ಒಣಗಿಸುವ ಉಪ್ಪುಕಂಡ ನಮ್ಮ ಅಂಗಳಕ್ಕೆ ಒಗ್ಗಿದ್ದು.

ಮನೆ ಬಳಕೆಗೆ ಅಜ್ಜಿಯ ಹಿಡಿ ಸಾಕು. ಮಾರೋದಾದರೆ ಹಿಡಿ ಸಾಲದು, ತಕ್ಕಡಿ ಬೇಕು. ಉಪ್ಪೆಷ್ಟು, ಎಷ್ಟು ಒಣಗಿರಬೇಕು, ಎಷ್ಟು ದಿನ ಬಾಳುತ್ತೆ ಅಂತ ಪರೀಕ್ಷೆ ಆಗಬೇಕು. ಮೈಸೂರಿನಲ್ಲಿ 1950ರಿಂದ ಸಿಎಫ್‌ಟಿಆರ್‌ಐ ಇದೆ, 1961ರಿಂದ ಸೈನ್ಯದ ಆಹಾರ ಪ್ರಯೋಗಾಲಯ ಇದೆ. ನಾಲ್ಕೂ ತಾಲ್ಲೂಕಿಗೆ ದೂರವೇನಲ್ಲ. ಹತ್ತು ಕುರಿ ಸಾಕುವವರು ಒಟ್ಟಾಗಿ ಹೋಗಿ ಕೇಳಬೇಕು. ಆಹಾರ ಸುರಕ್ಷತೆ ಇಲಾಖೆಯ ನೋಂದಣಿಯನ್ನೂ ಮಾಡಿಸಬೇಕು. ಲೆಕ್ಕ ಮಾತ್ರ ಮರೆಯಬೇಡಿ. ಮೂರು ಕಿಲೋ ಬಾಡು ಒಣಗಿದರೆ ಹೆಚ್ಚುಕಡಿಮೆ ಒಂದು ಕಿಲೋ. ಆ ಮೂರರ ಬೆಲೆ, ಮೇಲೆ ಕೂಲಿ ಸೇರಿಸಿಯೇ ದರ ಹೇಳಬೇಕು.

ಬನ್ನೂರು ಕುರಿಯ ಬಾಡಿಗೆ ಹೆಸರು ಆಗಲೇ ಇದೆ. ಅದರ ಉಪ್ಪುಕಂಡಕ್ಕೆ ಹೆಸರು ತರುವುದು ಸಾಕಿದವರ ಕೈಯಲ್ಲಿದೆ. ನಿಮ್ಮ ಮನೆಯ ಹಿರಿಯರು ಉಪ್ಪು, ಖಾರ ಎಷ್ಟು ಹಾಕುತ್ತಿದ್ದರು? ಅವರಿರುವಾಗಲೇ ಕೇಳಿ, ತೂಕ ಹಾಕಿ, ಪತ್ರಿಕೆಗೆ ಬರೆಯಿರಿ.