ಸೌದೆಯ ಲೆಕ್ಕ ಮೊದಲು, ತಂಬಾಕಿನ ಗುರಿ ಆಮೇಲೆ

ಕರ್ನಾಟಕ ಈ ಸಾಲಿನಲ್ಲಿ ಎಷ್ಟು ವರ್ಜೀನಿಯಾ ತಂಬಾಕು ಬೆಳೆಯಬೇಕು ಎಂದು ಪ್ರತಿ ವರ್ಷ ತಂಬಾಕು ಮಂಡಳಿ ಗೊತ್ತುಮಾಡುತ್ತದೆ. ಇತ್ತೀಚಿನ ವರ್ಷಗಳಲ್ಲಿ ಅದು 10 ಕೋಟಿ ಕಿಲೋ ಆಸುಪಾಸು. ಬಹುಪಾಲು ಬರುವುದು ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಹೊಲಗಳಿಂದ. ಸಿಗರೇಟು ಕಂಪನಿಗೆ ಎಷ್ಟು ಬೇಕು, ರಫ್ತುದಾರ ಎಷ್ಟು ಕೇಳುತ್ತಾನೆ ಎನ್ನುವುದರ ಮೇಲೆ ಈ ಗುರಿ ನಿಲ್ಲುತ್ತದೆ. ಅಷ್ಟು ಸೊಪ್ಪು ಬೇಯಿಸಲು ಎಷ್ಟು ಮರ ಉರಿಯಬೇಕು, ಆ ಮರ ಈ ನೆಲದಲ್ಲಿ ಉಳಿದಿದೆಯೇ ಎನ್ನುವುದರ ಮೇಲಲ್ಲ.

ಮಂಡಳಿ ಮಾಡದ ಲೆಕ್ಕವನ್ನು ನಾವೇ ಮಾಡೋಣ. ಒಂದು ಕಿಲೋ ಹೊಗೆಸೊಪ್ಪು ಹದಕ್ಕೆ ಬರಲು ನಾಲ್ಕೈದು ಕಿಲೋ ಸೌದೆ ಬೇಕು. ನಾಲ್ಕೇ ಎಂದು ಹಿಡಿಯಿರಿ. 10 ಕೋಟಿ ಕಿಲೋ ಸೊಪ್ಪಿಗೆ 4 ಲಕ್ಷ ಟನ್ ಸೌದೆ. ಲಾರಿಗೆ 10 ಟನ್ನಿನಂತೆ 40,000 ಲಾರಿ. ಇದು ಒಂದು ವರ್ಷದ್ದು. ಮುಂದಿನ ವರ್ಷ ಮತ್ತೆ ಅಷ್ಟು.

ಸೊಪ್ಪು ಬೇಯಿಸುವ ಮನೆ, ಅಂದರೆ ಬ್ಯಾರನ್, ತುಂಬಿದರೆ ಐದಾರು ದಿನ ಹಗಲೂ ರಾತ್ರಿ ಬೆಂಕಿ ಆರುವಂತಿಲ್ಲ. ಹೆಂಗಸರು ಸೊಪ್ಪನ್ನು ಕಡ್ಡಿಗೆ ಕಟ್ಟಿ ಕಟ್ಟಿ ಕೈ ಕಪ್ಪಾಗಿಸಿಕೊಳ್ಳುತ್ತಾರೆ, ಗಂಡಸರು ಒಲೆಯ ಮುಂದೆ ನಿದ್ದೆಗೆಡುತ್ತಾರೆ. ಒಂದು ಬ್ಯಾರನ್ ಬೆಂದ ಮೇಲೆ ಇನ್ನೊಂದು ಕೊಯ್ಲು, ಮತ್ತೆ ಬೆಂಕಿ. ಬದುವಿನ ಹೊಂಗೆ ಹೋಯಿತು, ಹುಣಸೆ ಹೋಯಿತು, ಅಜ್ಜ ನೆಟ್ಟ ಮಾವು ಹೋಯಿತು. ಊರಿನ ಮರ ಸಾಲದೆ ಪಕ್ಕದ ಜಿಲ್ಲೆಗಳಿಂದ ಲಾರಿ ಬರುತ್ತದೆ. ಮರ ಕಡಿಯಲು ಅನುಮತಿ ಬೇಕೆನ್ನುವ ಕಾಯ್ದೆ ಈ ರಾಜ್ಯದಲ್ಲಿ 1976ರಿಂದ ಇದೆ. ತಂಬಾಕು ಮಂಡಳಿ ಶುರುವಾದದ್ದೂ ಅದೇ ವರ್ಷ. ಇಷ್ಟು ವರ್ಷದಲ್ಲಿ ಮರ ಕಾಯುವ ಅರಣ್ಯ ಇಲಾಖೆಯ ಕಡತ, ಮಂಡಳಿಯ ಕಡತ ಒಂದೇ ಮೇಜಿನ ಮೇಲೆ ಕೂತು ಬೆಳೆಯ ಗುರಿ ಕಟ್ಟುವ ಪದ್ಧತಿ ಬರಲಿಲ್ಲ.

ಈ ಹೊಲಗಳ ಪಕ್ಕದಲ್ಲೇ ನಾಗರಹೊಳೆ ಕಾಡು. ಕಾಡು ಉಳಿಸುವ ಹೆಸರಿನಲ್ಲಿ ಜೇನು ಕುರುಬರನ್ನು ಹಾಡಿಗಳಿಂದ ಎಬ್ಬಿಸಿ ಹುಣಸೂರು ತಾಲ್ಲೂಕಿನ ನಾಗಾಪುರಕ್ಕೆ ತಂದು ಹಾಕಿತು ಸರ್ಕಾರ. ಗೆಡ್ಡೆ-ಗೆಣಸು, ಜೇನು ಎಂದು ಬದುಕಿದವರು ಕಾಡಿಗೆ ಭಾರವಾದರು. ವರ್ಷಕ್ಕೆ ಲಕ್ಷಗಟ್ಟಲೆ ಟನ್ ಮರ ತಿನ್ನುವ ಉದ್ಯಮ ಯಾರಿಗೂ ಭಾರವಾಗಲಿಲ್ಲ. ಇದು ಅನ್ಯಾಯ. ಇದಕ್ಕೆ ಬೇರೆ ಹೆಸರಿಲ್ಲ.

2009ರಲ್ಲಿ ಯೋಹಾನ್ ರಾಕ್‌ಸ್ಟ್ರಾಮ್ ಮತ್ತು ಜೊತೆಗಾರ ವಿಜ್ಞಾನಿಗಳು ಭೂಮಿ ತಾಳಬಲ್ಲ ಒಂಬತ್ತು ಎಲ್ಲೆಗಳನ್ನು ಜಗತ್ತಿನ ಮುಂದಿಟ್ಟರು. ಹವಾಮಾನ, ಸಿಹಿನೀರು, ಜೀವಸಂಕುಲ, ಕಾಡು, ಸಾರಜನಕ-ರಂಜಕ ಎಲ್ಲಕ್ಕೂ ಎಲ್ಲೆ ಇದೆ. 2023ರ ಹೊತ್ತಿಗೆ ಆರು ದಾಟಿದ್ದವು, 2025ರಲ್ಲಿ ಏಳನೆಯದೂ ದಾಟಿತು. ಮೂಲದಲ್ಲಿದ್ದ ಕಾಡಿನಲ್ಲಿ ಶೇ 75 ಉಳಿಯಬೇಕು ಎಂಬುದು ಈ ಬಳಗ ಆಮೇಲೆ ಹಾಕಿದ ಗೆರೆ. ಉಳಿದಿರುವುದು ಶೇ 60ರಷ್ಟು. ಈ ವಿಜ್ಞಾನ ಹೇಳುವುದು ಇಷ್ಟೇ: ಮೊದಲು ನೆಲ ಎಷ್ಟು ಕೊಡಬಲ್ಲದು ನೋಡಿ, ಆಮೇಲೆ ನಿಮ್ಮ ಗುರಿ ಬರೆಯಿರಿ. ಹೋದ ವರ್ಷಕ್ಕಿಂತ ಕಿಲೋಗೆ ಇಷ್ಟು ಸೌದೆ ಉಳಿಸಿದೆವು ಎನ್ನುವ ವರದಿ ಅಳತೆಯಲ್ಲ. ಸುಧಾರಿತ ಬ್ಯಾರನ್ ಬರಲಿ, ಬೇಡ ಎನ್ನುವುದಿಲ್ಲ. ಆದರೆ ಈ ಸೀಮೆಯಲ್ಲಿ ವರ್ಷಕ್ಕೆ ಬೆಳೆಯುವ ಮರಕ್ಕಿಂತ ಉರಿಯುವ ಮರ ಹೆಚ್ಚಾಗಿದ್ದರೆ, ಉಳಿಸಿದ್ದೂ ಸುಳ್ಳು, ವರದಿಯೂ ಸುಳ್ಳು.

ಮಂಡಳಿಯವರು ತಾವೇ ಹಾಕಿದ ಮಿತಿಯನ್ನೂ ಕಾಯುವುದಿಲ್ಲ. ಹೆಚ್ಚುವರಿ ಸೊಪ್ಪು, ಲೈಸನ್ಸ್ ಇಲ್ಲದವರ ಸೊಪ್ಪು ಎಲ್ಲವೂ ದಂಡದೊಂದಿಗೋ ದಂಡದ ಮನ್ನಾದೊಂದಿಗೋ ಹರಾಜು ಕಟ್ಟೆ ಸೇರುತ್ತದೆ. ಭಾರತ 2004ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಒಪ್ಪಂದವನ್ನು ಅಂಗೀಕರಿಸಿತು. ಬೆಳೆಗಾರರಿಗೆ ಪರ್ಯಾಯ ಜೀವನೋಪಾಯ ಕೊಡಬೇಕೆಂದು ಅದರ 17ನೇ ವಿಧಿ, ಪರಿಸರ ಕಾಯಬೇಕೆಂದು 18ನೇ ವಿಧಿ. ಮಾತು ಕೊಟ್ಟ ಸರ್ಕಾರದ ವಾಣಿಜ್ಯ ಸಚಿವಾಲಯವೇ ಮಂಡಳಿಯನ್ನು ನಡೆಸುತ್ತದೆ.

ರೈತನ ಕಡೆ ಬೆರಳು ತೋರಿಸಬೇಡಿ. ರಾಗಿ, ಜೋಳಕ್ಕೆ ಗಟ್ಟಿ ಬೆಲೆ ಇಲ್ಲದ ಕಡೆ, ಮಳೆ ನಂಬಿದ ಹೊಲದಲ್ಲಿ, ಖಚಿತವಾಗಿ ಕೊಳ್ಳುವವರು ಇರುವ ಬೆಳೆ ಅವನಿಗೆ ಇದೊಂದೇ. ಬೇಡವೆಂದವರು ಶುಂಠಿಗೆ ಹೋದರು. ಅದು ಮಣ್ಣಿಗೆ ಸುರಿಸುವ ವಿಷ, ಕೊಳವೆಬಾವಿಯಿಂದ ಹೀರುವ ನೀರು ಇನ್ನೊಂದು ಕಥೆ. ಸಾಲ ಅವನದು, ಸೌದೆಯ ಖರ್ಚು ಅವನದು, ಬೆಲೆ ಬಿದ್ದರೆ ನಷ್ಟ ಅವನದು. ಲಾಭ ಮಾತ್ರ ಹರಾಜು ಕಟ್ಟೆಯಾಚೆ ಹೋಗುತ್ತದೆ.

ಮುಂದಿನ ನಾಟಿಗೆ ಮೊದಲು ಈ ನಾಲ್ಕು ತಾಲ್ಲೂಕುಗಳ ಸೌದೆಯ ಲೆಕ್ಕ ಪ್ರಕಟವಾಗಬೇಕು: ಎಷ್ಟು ಬೆಳೆಯುತ್ತದೆ, ಎಷ್ಟು ಉರಿಯುತ್ತದೆ, ಎಲ್ಲಿಂದ ಬರುತ್ತದೆ. ಬೆಳೆಯ ಗುರಿ ಆ ಲೆಕ್ಕದ ಒಳಗೇ ನಿಲ್ಲಬೇಕು. ಲೈಸನ್ಸ್ ಬಿಡುವ ರೈತನಿಗೆ ಪರಿಹಾರವನ್ನು ಸರ್ಕಾರ, ಸಿಗರೇಟು ಕಂಪನಿಗಳು ಸೇರಿ ಕೊಡಬೇಕು. ಮಂಡಳಿಯ ಲೈಸನ್ಸ್ ಕಾರ್ಡು ಹೊಂದಿದ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಗ್ರಾಮಸಭೆಯಲ್ಲಿ ಇದನ್ನೇ ಕೇಳಿ, ಬರೆಸಿ, ನಿರ್ಣಯ ಮಾಡಿ ಮಂಡಳಿಗೆ ಕಳಿಸಿ.